ಮಂಡ್ಯ ಕಡೆಯ ಸಣ್ಣ ಊರುಗಳಿಗೆ ಮತ್ತೆ ಕಳೆ ಬರಬೇಕಾದರೆ ದೊಡ್ಡ ಫ್ಯಾಕ್ಟರಿಯೇ ಬೇಕಾ?

ಬೇಕಿಲ್ಲ. ಇರುವ ಕಸುಬಿಗೆ ಊರಿನವರೇ ದುಡ್ಡು, ದುಡಿಮೆ ಹಾಕಿದರೆ ಬೇಕಾದಷ್ಟು ಕೆಲಸ ಹುಟ್ಟುತ್ತದೆ.

ಪಾಂಡವಪುರ ಕಡೆಯ ಆಲೆಮನೆಗಳನ್ನೇ ನೋಡಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು, ಪಾಕ ಹದಕ್ಕೆ ಬಂದು ಅಚ್ಚಿಗೆ ಬೀಳುತ್ತದೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಸೌದೆ. ಆದರೆ ಬಕೆಟ್ ಬೆಲ್ಲ ಸಗಟಾಗಿ ಮಂಡಿಗೆ ಹೋದರೆ ಅವತ್ತಿನ ರೇಟೇ ಗತಿ. ಅದೇ ಬೆಲ್ಲ ಪುಡಿಯಾಗಿ ಸಣ್ಣ ಪ್ಯಾಕೆಟ್ಟಿನಲ್ಲಿ ಹೊರಟರೆ ಪ್ಯಾಕಿಂಗ್, ಸಾಗಣೆಯ ಕೂಲಿ ಊರಲ್ಲೇ ಉಳಿಯುತ್ತದೆ.

ಬಂಡವಾಳಕ್ಕೆ, ಸಣ್ಣ ಆಹಾರ ತಯಾರಿಕೆ ಘಟಕಗಳಿಗೆಂದು 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಇದೆ. ಬ್ಯಾಂಕ್ ಸಾಲ ತೆಗೆದು ಘಟಕ ಹಾಕಿದರೆ ಅದರ ಒಟ್ಟು ಅರ್ಹ ವೆಚ್ಚದ ಶೇ 35 ಸಬ್ಸಿಡಿ, ಹೆಚ್ಚೆಂದರೆ 10 ಲಕ್ಷ ರೂಪಾಯಿ. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000ದವರೆಗೆ ಮೂಲಧನ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ದುಡ್ಡಿಗಿಂತ ಕಷ್ಟದ್ದು ಒಗ್ಗಟ್ಟು. ಬಣ್ಣ ಬರಲಿ ಅಂತ ಬೆಲ್ಲಕ್ಕೆ ಕೆಮಿಕಲ್ ಹಾಕುವುದನ್ನು ಒಬ್ಬರೇ ಬಿಟ್ಟರೆ, ಕಪ್ಪು ಬೆಲ್ಲ ಅಂತ ಅವರಿಗೇ ರೇಟು ಇಳಿಯುತ್ತದೆ. ಊರೇ ಬಿಡಬೇಕು. ಕೆಟ್ಟರೆ ಹೆಸರು ಕೆಡೋದು ಇಡೀ ಊರಿನದು ಅಲ್ವಾ? ಆಲೆಮನೆಯವರು, ಕಬ್ಬು ಬೆಳೆಯುವವರು, ಸಂಘದ ಹೆಂಗಸರು ಗ್ರಾಮಸಭೆಯಲ್ಲಿ ಕೂತು ಇದನ್ನು ಮೊದಲು ತೀರ್ಮಾನಿಸಲಿ. ಸಾಲದ ಅರ್ಜಿ ಆಮೇಲೆ.