ಓದುಗರ ಪ್ರಶ್ನೆ: ಬೆಂಗಳೂರು ಟು ಗೋಕರ್ಣ, ನಡುವೆ ಒಂದು ಘಟ್ಟ

ಪ್ರಶ್ನೆ: ಮೇಡಂ, ಡಿಸೆಂಬರ್ ಕೊನೇಲಿ ಮಕ್ಳಿಗೆ ರಜೆ, ಕಾರಲ್ಲೇ ಮಲೆನಾಡು ನೋಡ್ಕೊಂಡು ಸಮುದ್ರದವರೆಗೂ ಹೋಗಿ ಬರೋಣ ಅಂತಿದೀವಿ. ನಾವಿಬ್ರು, ಇಬ್ರು ಮಕ್ಳು, ಮಂಡಿನೋವಿರೋ ನಮ್ಮತ್ತೆ. ಮೊದಲ್ನೇ ದಿನ ಬೇಲೂರು, ಮುಳ್ಳಯ್ಯನಗಿರಿ, ರಾತ್ರಿ ಚಿಕ್ಕಮಗಳೂರು. ಎರಡ್ನೇ ದಿನ ಕಳಸ, ಹೊರನಾಡು, ಕುದುರೆಮುಖ, ಶೃಂಗೇರಿ, ಆಗುಂಬೆಲಿ ಸನ್‌ಸೆಟ್ ನೋಡಿ ರಾತ್ರಿ ಊಟಕ್ಕೆ ಉಡುಪಿ. ಮೂರ್ನೇ ದಿನ ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ. ನಾಲ್ಕನೇ ದಿನ ವಾಪಸ್. ಗೂಗಲ್ ಮ್ಯಾಪಲ್ಲಿ ಎಲ್ಲಾ ಸರಿಯಾಗೇ ಬರ್ತಿದೆ ಅಂತಾರೆ ನಮ್ಮೆಜಮಾನ್ರು. ಸರಿ ಇದ್ಯಾ? — ರಾಜಾಜಿನಗರದ ಓದುಗರು

ಉತ್ತರ: ಮ್ಯಾಪಲ್ಲಿ ಸರಿ ಇರತ್ತಮ್ಮ, ಮ್ಯಾಪಿಗೇನು, ಅದಕ್ಕೆ ವಾಂತಿ ಬರಲ್ಲ, ಕಾಲು ಹಿಡ್ಕೊಳಲ್ಲ. ನಿಮ್ಮ ಪ್ಲಾನಲ್ಲಿ ಕೂತಿರೋ ಕಷ್ಟ ಎಲ್ಲಾ ಎರಡ್ನೇ ದಿನದ್ದೇ. ಬೆಳಿಗ್ಗೆಯಿಂದ ತಿರುವು ರಸ್ತೇಲೇ ಓಡಿಸಿ ಸುಸ್ತಾಗಿರೋ ಮನುಷ್ಯ, ಸಾಯಂಕಾಲ ಆರರ ಮೇಲೆ ಸನ್‌ಸೆಟ್ ಮುಗಿಸ್ಕೊಂಡು, ಅದೇ ಹೊತ್ತಿಗೆ ಹೊರಟ ಅಷ್ಟೂ ಗಾಡಿಗಳ ಮಧ್ಯೆ, ಕತ್ತಲಲ್ಲಿ, ಆಗುಂಬೆಯ 14 ಹೇರ್‌ಪಿನ್ ತಿರುವು ಇಳೀಬೇಕು. ಎದುರಿಂದ ಹತ್ತೋನು ಹೈಬೀಮ್ ಹಾಕ್ಕೊಂಡು ಬಂದಾಗ ರಸ್ತೆ ಅಂಚು ಎಲ್ಲಿದೆ ಅಂತಾನೇ ಕಾಣಲ್ಲ.

ಘಟ್ಟ ಇಳಿಯೋ ಟ್ರಿಪ್ಪಲ್ಲಿ ಕಿಲೋಮೀಟರ್ ಲೆಕ್ಕ ಆಮೇಲೆ, ಘಟ್ಟ ಯಾವ ಹೊತ್ತಿಗೆ ಇಳೀತೀವಿ ಅನ್ನೋದನ್ನ ಮೊದಲು ಫಿಕ್ಸ್ ಮಾಡ್ಕೋಬೇಕು, ಮಿಕ್ಕಿದ್ದೆಲ್ಲ ಅದರ ಸುತ್ತ ಕೂರ್ಸೋದು. ರಾತ್ರಿ ಮೇಲೇ ಮಲ್ಕೊಳಿ, ಶೃಂಗೇರಿಲೋ ಆಗುಂಬೆಲೋ. ಸನ್‌ಸೆಟ್ ಪಾಯಿಂಟ್ ಆಗುಂಬೆ ಊರಿಗೆ ಹತ್ರಾನೇ ಇದೆ, ನೋಡ್ಕೊಂಡು ವಾಪಸ್ ಊರಿಗೇ ಬನ್ನಿ. ಬೆಳಿಗ್ಗೆ ತಿಂಡಿ ತಿಂದು, ಮಂಜು ಬಿಟ್ಟ ಮೇಲೆ ನಿಧಾನಕ್ಕೆ ಇಳೀರಿ. ಕೆಳಗೆ ಸೋಮೇಶ್ವರಕ್ಕೆ ಬರೋ ಹೊತ್ತಿಗೆ ಕಿವಿ ಗುಂಯ್ ಅಂತಿರತ್ತೆ, ಬೆಳಿಗ್ಗೆ ಹಾಕಿದ್ದ ಸ್ವೆಟರ್ ಒಳಗೆ ಬೆವರು ಶುರುವಾಗಿರತ್ತೆ, ಮಕ್ಳು ಎಸಿ ಹಾಕು ಅಂತ ಗಲಾಟೆ ಮಾಡ್ತಾರೆ. ಅಲ್ಲಿಂದ ಹೆಬ್ರಿ ಮೇಲೆ ಉಡುಪಿ, ಮಧ್ಯಾಹ್ನದ ಊಟಕ್ಕೆ ಆರಾಮಾಗಿ ಸೇರ್ಕೋಬೋದು.

ಹೀಗೆ ಮಾಡಿದ್ರೆ ಐದು ದಿನ ಬೇಕು. ನಾಲ್ಕೇ ಅಂದ್ರೆ ಗೋಕರ್ಣ ಬಿಡಿ. ಬೇಜಾರಾಗತ್ತೆ ಗೊತ್ತು, ಆದ್ರೆ ಗೋಕರ್ಣದಿಂದ ಬೆಂಗಳೂರು ಹತ್ತತ್ರ 500 ಕಿಲೋಮೀಟರ್, ಹಿಂದಿನ ರಾತ್ರಿ ಹೋಗಿ ಬಿದ್ಕೊಂಡು ಬೆಳಿಗ್ಗೆ ಎದ್ದು ಮತ್ತೆ ಸ್ಟೇರಿಂಗ್ ಹಿಡಿಯೋದಾದ್ರೆ ಅಲ್ಲಿ ನೋಡೋದಾದ್ರೂ ಏನು? ಅದರ ಬದಲು ಮೂರ್ನೇ ರಾತ್ರಿ ಉಡುಪಿಲೇ ಇರಿ, ಮರವಂತೆಗೆ ಹೋಗಿ ಬನ್ನಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ಮಧ್ಯೆ ಹೆದ್ದಾರಿ 66. ಅತ್ತೆಯವರು ಒಂದು ಹೆಜ್ಜೆ ನಡೀದೇ ನೋಡ್ಬೋದಾದ ಬೀಚು ಅದು.

ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರದ ಬೆಟ್ಟ, ಸುಮಾರು 1,930 ಮೀಟರ್, ಆದ್ರೆ ಗಾಡಿ ನಿಲ್ಸಿದ ಮೇಲೂ ಕೊನೇಗೆ ಮೆಟ್ಲು ಹತ್ಲೇಬೇಕು. ಮಂಡಿನೋವಿಗೆ ಅದು ಬೇಡ. ಬೇಲೂರಲ್ಲೇ ನಿಧಾನವಾಗಿ ಕಾಲ ಕಳೀರಿ. ಹತ್ತೇ ಹತ್ತಬೇಕು ಅಂದ್ರೆ ಹೊರಡೋಕೆ ಮುಂಚೆ ಗಾಡಿಗೆ ಆನ್‌ಲೈನ್ ಬುಕಿಂಗ್ ನಿಯಮ ಏನಿದೆ ಅಂತ ನೋಡ್ಕೊಳಿ, ರಜೆ ದಿನ ಮೇಲೆ ಹೋಗಿ ಚೆಕ್‌ಪೋಸ್ಟಲ್ಲಿ ವಾದ ಮಾಡೋದಕ್ಕಿಂತ ವಾಸಿ. ಕುದುರೆಮುಖದ ಕಾಡಿನ ರಸ್ತೇಲಿ ಸುಮ್ನೆ ದಾಟಿ ಹೋಗಿ, ಎಲ್ಲೆಂದ್ರಲ್ಲಿ ನಿಲ್ಸಿ ಫೋಟೋ ಅಂತ ಇಳೀಬೇಡಿ, ಚೆಕ್‌ಪೋಸ್ಟಲ್ಲಿ ಟೈಮ್ ಬರೆದು ಚೀಟಿ ಕೊಟ್ರೆ ಅದನ್ನ ಕಳೀಬೇಡಿ. ಮಕ್ಳಿಗೆ ವಾಂತಿ ಮಾತ್ರೆ ಡಾಕ್ಟರನ್ನ ಕೇಳಿ ಹೊರಡೋಕೆ ಮುಂಚೆನೇ ಕೊಡಿ, ಮೊಬೈಲ್ ಕೊಡ್ಲೇಬೇಡಿ. ಮತ್ತೆ ಬೆಳಿಗ್ಗೆ ಆರಕ್ಕೆ ಗೊರಗುಂಟೆಪಾಳ್ಯ ದಾಟಿರ್ಬೇಕು. ರಜೆ ದಿನ ನೆಲಮಂಗಲದಲ್ಲಿ ಸಿಕ್ಕಾಕ್ಕೊಂಡ್ರೆ ನಾನು ಹೇಳಿದ ಲೆಕ್ಕ ಎಲ್ಲಾ ಅಲ್ಲೇ ಕೆಟ್ಟೋಗತ್ತೆ.

ಪ್ರಶ್ನೆ: ನಂದು ಆಟೋಮ್ಯಾಟಿಕ್ ಕಾರು, ಬೆಂಗಳೂರು ಟ್ರಾಫಿಕ್ ಬಿಟ್ರೆ ಬೇರೆ ಕಡೆ ಓಡಿಸಿಲ್ಲ. ಘಾಟಿ ಇಳೀವಾಗ ಡಿ ಲೇ ಇಟ್ಟು ಬ್ರೇಕ್ ಹಿಡ್ಕೊಂಡು ಹೋದ್ರೆ ಸಾಕಾ? — ಬನಶಂಕರಿ

ಉತ್ತರ: ಸಾಕಾಗಲ್ಲ ಸಾರ್. ಬ್ರೇಕ್ ಹಿಡ್ಕೊಂಡೇ ಇದ್ರೆ ಪ್ಯಾಡು ಕಾದು ಹಿಡಿತ ಕಮ್ಮಿಯಾಗ್ತಾ ಬರತ್ತೆ, ಕಾಲು ಅಷ್ಟೇ ಒತ್ತಿರುತ್ತೆ, ಗಾಡಿ ಮಾತ್ರ ಕೇಳಲ್ಲ. ಗೇರ್ ಲಿವರ್ ಹತ್ರ ಎಲ್ ಅಂತಲೋ 2 ಅಂತಲೋ ಎಂ ಅಂತಲೋ ಇರತ್ತೆ, ಅದಕ್ಕೆ ಹಾಕಿ, ಎಂಜಿನ್ನೇ ಗಾಡೀನ ಹಿಡ್ಕೊಳತ್ತೆ, ಸೌಂಡ್ ಜೋರಾದ್ರೆ ಗಾಬರಿಯಾಗ್ಬೇಡಿ. ಮ್ಯಾನ್ಯುವಲ್ ಗಾಡಿಯೋರಿಗೂ ಅದೇ, ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀರಿ. ತಿರುವಿಗೆ ಮುಂಚೆ ಒಂದ್ಸಲ ಗಟ್ಟಿಯಾಗಿ ಒತ್ತಿ ಬಿಡಿ, ಸವರ್ತಾ ಇರ್ಬೇಡಿ. ಡೀಸೆಲ್ ಉಳಿಯತ್ತೆ ಅಂತ ನ್ಯೂಟ್ರಲ್ ಹಾಕೋದು, ಎಂಜಿನ್ ಆಫ್ ಮಾಡೋದು ಮಾಡ್ಲೇಬೇಡಿ, ಆಫಾದ್ರೆ ಸ್ಟೇರಿಂಗ್ ಬಿಗಿಯಾಗತ್ತೆ, ಬ್ರೇಕ್ ಕಲ್ಲಾಗತ್ತೆ.

ಸುಟ್ಟ ವಾಸ್ನೆ ಬಂತು ಅಂದ್ರೆ ಜಾಗ ಇರೋ ಕಡೆ ಸೈಡಿಗೆ ಹಾಕಿ ಅರ್ಧ ಗಂಟೆ ಸುಮ್ನಿರಿ. ನೀರು ಹುಯ್ಬೇಡಿ, ಕಾದ ಡಿಸ್ಕ್ ಸೊಟ್ಟಗಾಗ್ಬೋದು. ಎದುರಿಂದ ಹತ್ತೋ ಗಾಡಿಗೆ ಇಳಿಯೋರು ದಾರಿ ಬಿಡ್ಬೇಕು, ಇದು ಬರೀ ಮರ್ಯಾದೆ ಮಾತಲ್ಲ, ನಿಯಮಾನೇ ಇದೆ. ನಮ್ಮೂರೋರಿಗೆ ಸಿಗ್ನಲ್ಲಲ್ಲಿ ನುಗ್ಗಿ ಅಭ್ಯಾಸ, ಅದನ್ನ ನೆಲಮಂಗಲದಲ್ಲೇ ಬಿಟ್ಟು ಹೋಗಿ.

ಪ್ರಶ್ನೆ: ಜುಲೈಲಿ ಹೋದ್ರೆ ಜಲಪಾತ, ಮಳೆ, ಆಮೇಲೆ ಕರಾವಳೀಲಿ ಫ್ರೆಶ್ ಮೀನು, ಡಬಲ್ ಮಜಾ ಅಂತಾನೆ ಫ್ರೆಂಡು. ಹೌದಾ? — ಎಚ್‌ಎಸ್‌ಆರ್ ಲೇಔಟ್

ಉತ್ತರ: ಜಲಪಾತದ ಮಾತು ನಿಜ. ಮೀನಿಂದು ಸುಳ್ಳು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ನಾಡದೋಣಿಯೋರು ತಂದಿದ್ದೇ ಫ್ರೆಶ್, ಅದಕ್ಕೆ ರೇಟೂ ಹಾಗೇ ಇರತ್ತೆ, ಮಿಕ್ಕಿದ್ದೆಲ್ಲ ಐಸಲ್ಲಿರೋದು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ಬೋಟ್ ಇರಲ್ಲ. ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಇನ್ನು ರಸ್ತೆ, ಶಿರಾಡಿ, ಚಾರ್ಮಾಡಿ ಯಾವಾಗ ಬಂದ್ ಆಗತ್ತೋ ಹೇಳಕ್ಕಾಗಲ್ಲ. ಘಟ್ಟ ದಾಟಿ ಕೆಳಗೆ ಬಂದ್ವಿ, ಇನ್ನೇನು ಭಯ ಅನ್ನಂಗೂ ಇಲ್ಲ, 2024ರ ಜುಲೈ 16ಕ್ಕೆ ಗುಡ್ಡ ಕುಸಿದಿದ್ದು ಅಂಕೋಲಾ ಹತ್ರದ ಶಿರೂರಲ್ಲಿ, ಕರಾವಳಿ ಹೆದ್ದಾರಿ ಮೇಲೇ. ಹೋಗ್ಲೇಬೇಕಂದ್ರೆ ಆಗುಂಬೆಲೋ ಸಕಲೇಶಪುರದಲ್ಲೋ ಒಂದೇ ಕಡೆ ಮಳೆ ನೋಡ್ಕೊಂಡು ಕೂತು ಬನ್ನಿ, ಸಮುದ್ರಕ್ಕೆ ಅಕ್ಟೋಬರ್ ಮೇಲೆ ಇನ್ನೊಂದ್ಸಲ ಹೋಗಿ.

ಪ್ರಶ್ನೆ: ಕೊಲ್ಲೂರಿಂದ ಸಾಗರದ ಕಡೆ ವಾಪಸ್ ಬರೋವಾಗ ಸಿಗಂದೂರು ಲಾಂಚಿಗೆ ಎಷ್ಟೊತ್ತು ಕಾಯ್ಬೇಕು? — ಯಲಹಂಕ

ಉತ್ತರ: ಕಾಯೋದೇ ಬೇಡ. 2025ರ ಜುಲೈಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಓಪನ್ ಆಯ್ತು, ಹೆಚ್ಚುಕಮ್ಮಿ ಎರಡೂವರೆ ಕಿಲೋಮೀಟರ್ ಉದ್ದ, ಸೀದಾ ಸಾಗರಕ್ಕೆ ಬರ್ಬೋದು. ಸೇತುವೆ ಮಧ್ಯೆ ಸೆಲ್ಫಿಗೆ ನಿಲ್ಲಿಸ್ಬೇಡಿ.

ಪ್ರಶ್ನೆ: ಎಲೆಕ್ಟ್ರಿಕ್ ಕಾರು. ಘಟ್ಟದ ಮೇಲೆ ಫುಲ್ ಚಾರ್ಜ್ ಮಾಡ್ಕೊಂಡು ಇಳಿಯೋದು ಸೇಫ್ ಅಲ್ವಾ? — ಜಯನಗರ

ಉತ್ತರ: ಉಲ್ಟಾ. ಬ್ಯಾಟರಿ ತುಂಬಿದ್ರೆ ಇಳಿಜಾರಲ್ಲಿ ಹುಟ್ಟೋ ಕರೆಂಟ್ ಹೋಗೋಕೆ ಜಾಗ ಇರಲ್ಲ, ಹಾಗಾಗಿ ಮೋಟಾರು ಗಾಡೀನ ಎಳೆದು ಹಿಡಿಯೋದು ಕಮ್ಮಿಯಾಗಿ ಭಾರ ಎಲ್ಲಾ ಬ್ರೇಕ್ ಮೇಲೇ ಬೀಳತ್ತೆ. ಮೇಲೆ 80 ಪರ್ಸೆಂಟಿಗೆ ನಿಲ್ಲಿಸಿ, ಇಳೀವಾಗ ಒಂದಷ್ಟು ತಾನೇ ತುಂಬ್ಕೊಳತ್ತೆ, ಮಿಕ್ಕಿದ್ದನ್ನ ಉಡುಪಿಲಿ ಊಟ ಮಾಡ್ತಾ ಹಾಕ್ಕೊಳಿ.