ಹಳೆ ಕೋವಿ ಕೊಳ್ಳುವ ಮುನ್ನ
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲೂಕು, ಅಡಿಕೆ ತೋಟ. ಬೆಳೆ ರಕ್ಷಣೆಗೆಂದು ಕೋವಿ ಪರವಾನಗಿ ಸಿಕ್ಕಿದೆ. ಪಕ್ಕದ ತಾಲೂಕಿನ ಪರಿಚಯಸ್ಥರೊಬ್ಬರು ತೀರಿಹೋದ ತಮ್ಮ ತಂದೆಯವರ ಜೋಡಿ ನಳಿಗೆ ತೋಟಾ ಕೋವಿಯನ್ನು ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಾರೆ. ಕದ್ದ ಮಾಲಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಮೊದಲು ‘ತೀರಿಹೋದ ತಂದೆಯವರ’ ಎಂಬಲ್ಲೇ ನಿಲ್ಲಬೇಕು. ಪರವಾನಗಿದಾರರು ತೀರಿಕೊಂಡ ಮೇಲೆ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ಅಂಗಡಿಯಲ್ಲೋ ಠೇವಣಿ ಇಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಹೇಳುವುದು ಇದನ್ನೇ. ಅಲ್ಲಿಂದ, ಹಕ್ಕುಳ್ಳವರಿಗೆ ಮಾರಲು ದಾರಿ ಇದೆ. ಮಗ ತನ್ನ ಹೆಸರಿನಲ್ಲಿ ಪರವಾನಗಿ ಮಾಡಿಸಿಕೊಂಡಿದ್ದರೂ ಸರಿ. ಎರಡೂ ಇಲ್ಲದೆ ಕೋವಿ ಅಟ್ಟದ ಮೇಲಿದ್ದರೆ ಅದು ಕದ್ದದ್ದಲ್ಲದಿರಬಹುದು, ಆದರೆ ಕಾನೂನಿನ ಕಣ್ಣಿಗೆ ಅಕ್ರಮ. ಅಂಥದ್ದನ್ನು ‘ನೋಡಿ ಕೊಡುತ್ತೇನೆ’ ಎಂದು ಮನೆಗೆ ತರಬೇಡಿ. ಪರವಾನಗಿ ಇಲ್ಲದ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2, ಗರಿಷ್ಠ 5 ವರ್ಷ ಜೈಲು.

ಎರಡನೆಯದು ನಿಮ್ಮದೇ ಪರವಾನಗಿ. ಬೆಳೆ ರಕ್ಷಣೆಗೆ ಕಾಯ್ದೆ ಮುಖ್ಯವಾಗಿ ಹೇಳುವುದು ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನಯನಳಿಗೆಯ ಕೋವಿಗೆ ಅನುಮತಿ. ನಿಮ್ಮ ಪರವಾನಗಿ ಪುಸ್ತಕದಲ್ಲಿ ‘ಎಸ್‌ಬಿಎಂಎಲ್’ (ಒಂಟಿ ನಳಿಗೆಯ, ಬಾಯಿಯಿಂದ ಮದ್ದು ತುಂಬುವ ಕೋವಿ) ಎಂದಿದ್ದರೆ ‘ಡಿಬಿಬಿಎಲ್’ (ಜೋಡಿ ನಳಿಗೆಯ, ಹಿಂದಿನಿಂದ ತೋಟಾ ಹಾಕುವ ಕೋವಿ) ಕೊಳ್ಳಲಾಗದು. (ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯಬಹುದು ಎಂದೂ ಅಲ್ಲ. ಅದಕ್ಕೆ ಅರಣ್ಯ ಇಲಾಖೆಯ ಕಾಯ್ದೆ ಬೇರೆ ಇದೆ.)

ಇವೆರಡೂ ಸರಿಯಿದ್ದರೆ ಕಾಗದ ನೋಡಿ. ಮಾರುವವರ ಪರವಾನಗಿಯ ಮೂಲ ಪ್ರತಿಯನ್ನೇ ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ನಂಬಬೇಡಿ. ಹೆಸರು, ಫೋಟೊ, ಯುಐಎನ್ (ಪ್ರತಿ ಪರವಾನಗಿದಾರರಿಗೂ ಕೊಡುವ ವಿಶಿಷ್ಟ ಗುರುತಿನ ಸಂಖ್ಯೆ), ನವೀಕರಣದ ಕೊನೆಯ ದಿನ, ಕೋವಿಯ ಬಗೆ, ಬೋರ್, ತಯಾರಕರ ಹೆಸರು, ನಂಬರು ಎಲ್ಲವನ್ನೂ ಬರೆದುಕೊಳ್ಳಿ. ಈ ಕೋವಿ ಅವರ ಪುಸ್ತಕಕ್ಕೆ ಬಂದದ್ದು ಹೇಗೆ ಎಂಬುದಕ್ಕೂ ಗುರುತು ಬೇಕು: ಅಂಗಡಿಯ ಬಿಲ್ಲೋ, ಹಿಂದಿನ ಮಾಲೀಕರಿಂದ ವರ್ಗವಾದ ಆದೇಶವೋ.

ಹಲವರಿಗೆ ಹೊಳೆಯದ ಇನ್ನೊಂದು ದಾಖಲೆ ಚುನಾವಣೆಯ ಠೇವಣಿ ರಸೀದಿ. ಚುನಾವಣೆ ಬಂದಾಗಲೆಲ್ಲ ಮಲೆನಾಡಿನವರು ಕೋವಿ ಹೊತ್ತು ಠಾಣೆಗೆ ಹೋಗುವುದು ಗೊತ್ತಿರುವುದೇ. 2023ರ ವಿಧಾನಸಭೆ, 2024ರ ಲೋಕಸಭೆ ಚುನಾವಣೆಗಳ ರಸೀದಿಯಲ್ಲಿ ಅದೇ ನಂಬರು ಇದ್ದರೆ, ಆ ಕೋವಿ ಆಗ ಪೊಲೀಸರ ಕಣ್ಣೆದುರೇ ಇವರದ್ದಾಗಿತ್ತು ಎಂದಾಯಿತು. ಠೇವಣಿಯಿಂದ ವಿನಾಯಿತಿ ಪಡೆದವರೂ ಇರುತ್ತಾರೆ, ಆದ್ದರಿಂದ ರಸೀದಿ ಇಲ್ಲ ಎಂದಾಕ್ಷಣ ಅನುಮಾನ ಬೇಡ. ಇದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಸುಲಭಕ್ಕೆ ಸಿಗದು.

ಇನ್ನು ಎಲ್ಲರೂ ಗೊಣಗುವ 45 ದಿನದ ಮಾತು. ಸೆಕ್ಷನ್ 5ರ ಪ್ರಕಾರ ಖಾಸಗಿ ವ್ಯಕ್ತಿ ಕೋವಿ ಮಾರುವ ಮುನ್ನ ಜಿಲ್ಲಾಧಿಕಾರಿಗೋ ಹತ್ತಿರದ ಠಾಣಾಧಿಕಾರಿಗೋ ಕೊಳ್ಳುವವರ ಹೆಸರು, ವಿಳಾಸ ಸಹಿತ ಬರವಣಿಗೆಯಲ್ಲಿ ತಿಳಿಸಬೇಕು. ಕನಿಷ್ಠ 45 ದಿನ ಕಳೆದ ಮೇಲಷ್ಟೇ ಕೋವಿ ಕೈ ಬದಲಾಗಬಹುದು. ಪೊಲೀಸ್ ಕಮಿಷನರ್ ಇರುವ ನಗರದಲ್ಲಿ ಜಿಲ್ಲಾಧಿಕಾರಿಯ ಜಾಗದಲ್ಲಿ ಕಮಿಷನರ್. ಇದನ್ನು ಕಾಟ ಎಂದುಕೊಳ್ಳುವುದಕ್ಕಿಂತ ನಿಮ್ಮ ತಪಾಸಣೆಯ ಅವಧಿ ಎಂದುಕೊಳ್ಳಿ. ಅರ್ಜಿಯಲ್ಲಿ ಕೋವಿಯ ನಂಬರನ್ನು ಸ್ಪಷ್ಟವಾಗಿ ಬರೆಸಿ, ಸ್ವೀಕೃತಿ ಮುದ್ರೆ ಬಿದ್ದ ಪ್ರತಿ ಇಟ್ಟುಕೊಳ್ಳಿ. ಆ ನಂಬರು ಕಳವು ಅಥವಾ ಕಾಣೆಯಾದ ಬಗ್ಗೆ ದಾಖಲಾಗಿದೆಯೇ ಎಂದು ಮಾರುವವರ ಠಾಣೆಗೂ ನಿಮ್ಮ ಠಾಣೆಗೂ ಬೇರೆಯಾಗಿ ಬರೆದು ಕೇಳಿ. ಪೊಲೀಸರ ಸಿಸಿಟಿಎನ್‌ಎಸ್ ಜಾಲದಲ್ಲಿ ಕಳವಾದ ಸ್ವತ್ತಿನ ವಿವರ ಇರುತ್ತದೆ. ಬಾಯಿಮಾತಿನ ‘ಏನೂ ಇಲ್ಲ ಬಿಡಿ’ ನಾಳೆ ಉಪಯೋಗಕ್ಕೆ ಬಾರದು, ಉತ್ತರ ಕಾಗದದಲ್ಲಿರಲಿ. ಕದ್ದ ಮಾಲು ಮಾರುವವರು ಈ ಅರ್ಜಿಯ ಹಂತಕ್ಕೇ ಬರುವುದಿಲ್ಲ. ‘ಅದೆಲ್ಲ ಆಮೇಲೆ ಮಾಡಿಕೊಂಡರಾಯಿತು’ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಸಿ.

ಈ ಅವಧಿಯಲ್ಲಿ ಕೊಡುವುದಾದರೆ ಸಣ್ಣ ಮುಂಗಡ ಮಾತ್ರ ಕೊಡಿ. ಅದೂ ಬ್ಯಾಂಕ್ ಮೂಲಕ, ಕೋವಿಯ ನಂಬರು ನಮೂದಿಸಿದ ಕರಾರಿನೊಂದಿಗೆ. ‘ತೋಟಾ ಹತ್ತು ಉಳಿದಿವೆ, ಅದನ್ನೂ ಇಟ್ಟುಕೊಳ್ಳಿ’ ಎಂದರೆ ಸುಮ್ಮನೆ ಜೇಬಿಗಿಳಿಸಬೇಡಿ. ತೋಟಾಗಳಿಗೂ ಲೆಕ್ಕ ಉಂಟು.

ಪ್ರಶ್ನೆ: ಹಳೆಯ ಇಂಗ್ಲಿಷ್ ಕೋವಿಯೊಂದನ್ನು ನೋಡಿದೆ. ನಾಲ್ಕಾರು ಕಡೆ ಸಂಖ್ಯೆ, ಮುದ್ರೆಗಳಿವೆ. ನಿಜವಾದ ನಂಬರು ಯಾವುದು? (ಮೂಡಿಗೆರೆಯಿಂದ)

ಉತ್ತರ: ಕೋವಿಯನ್ನು ಮಾಲೀಕರೇ ಬಿಚ್ಚಲಿ, ನೀವು ಪಕ್ಕದಲ್ಲಿರಿ. ಮೇಲಿನ ಲಿವರ್ ಒತ್ತಿ, ಕೋವಿಯನ್ನು ಮಡಚಿ ತೆರೆದು, ತೋಟಾ ಕೂರುವ ಎರಡೂ ಕೋಣೆ ಖಾಲಿ ಎಂದು ಕಣ್ಣಾರೆ ನೋಡಿದ ಮೇಲೆ ಮುಂದಿನ ಮರದ ತುಂಡನ್ನು, ಅಂದರೆ ಫೋರ್‌ಎಂಡನ್ನು ಕಳಚಿ ನಳಿಗೆ ಬಿಡಿಸಬೇಕು. ನಳಿಗೆಯ ಹಿಂತುದಿಯ ಅಡಿಭಾಗದಲ್ಲಿ ಚಪ್ಪಟೆ ಜಾಗವಿದೆ. ಅಲ್ಲಿ, ಆ್ಯಕ್ಷನ್ (ನಳಿಗೆ ಬಂದು ಕೂರುವ, ಕುದುರೆ-ಟ್ರಿಗರ್ ಇರುವ ಲೋಹದ ಭಾಗ) ಮೇಲೆ, ಫೋರ್‌ಎಂಡಿನ ಕಬ್ಬಿಣದ ಮೇಲೆ ಸಾಮಾನ್ಯವಾಗಿ ಒಂದೇ ನಂಬರು ಇರುತ್ತದೆ. ಹಲವು ಇಂಗ್ಲಿಷ್ ಕೋವಿಗಳಲ್ಲಿ ಟ್ರಿಗರ್ ಗಾರ್ಡಿನ ಬಾಲದ ಮೇಲೂ ಕೆತ್ತಿರುತ್ತಾರೆ. ಪರವಾನಗಿಯಲ್ಲಿ ಇರಬೇಕಾದದ್ದು ಇದೇ.

ಉಳಿದವು ಬೇರೆ ಲೆಕ್ಕ. ವಜ್ರಾಕೃತಿಯೊಳಗೆ ‘12’ ಮತ್ತು ‘ಸಿ’ ಇದ್ದರೆ ಅದು ಕೋಣೆಯ ಗುರುತು. ‘.729’ ನಳಿಗೆಯ ಒಳವ್ಯಾಸ. ‘2½’ ಕೋಣೆಯ ಉದ್ದ, ಇಂಚಿನಲ್ಲಿ. ಕಿರೀಟದ ಕೆಳಗೆ ‘ಬಿವಿ’, ‘ಬಿಪಿ’ ಎಂದಿದ್ದರೆ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಮುದ್ರೆ. ಪೇಟೆಂಟ್ ಸಂಖ್ಯೆಯೂ ಇರಬಹುದು. ಹಳೆಯ ಪುಸ್ತಕಗಳಲ್ಲಿ ಗುಮಾಸ್ತರು ಇಂಥದ್ದನ್ನೇ ನಂಬರೆಂದು ಬರೆದುಕೊಂಡು, ನವೀಕರಣದಲ್ಲೆಲ್ಲ ಅದೇ ಮುಂದುವರಿದಿರುವುದು ಸಾಧ್ಯ. ಅದು ಕಳವಲ್ಲ, ಆದರೆ ಮಾರುವವರು ತಮ್ಮ ಪರವಾನಗಿ ತಿದ್ದಿಸಿಕೊಂಡ ಮೇಲೆಯೇ ಮುಂದುವರಿಯಿರಿ. ನಿಮ್ಮ ಪುಸ್ತಕಕ್ಕೆ ಬಂದ ಮೇಲೆ ಆ ತಪ್ಪು ನಿಮ್ಮದೇ. (ಅಂದಹಾಗೆ ‘2½’ ಕೋಣೆಗೆ ಈಗಿನ ಉದ್ದದ 70 ಮಿ.ಮೀ. ತೋಟಾ ಹಾಕಬಾರದು, ಹಾರಿಸಿದಾಗ ತೋಟಾದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.)

ಜಿಡ್ಡು ತೆಗೆಯಲು ಸೀಮೆಎಣ್ಣೆ ಬಟ್ಟೆ ಸಾಕು. ಉಪ್ಪುಕಾಗದ ಮುಟ್ಟಿಸಬೇಡಿ, ನಂಬರನ್ನು ಉಜ್ಜಿ ಅಳಿಸಿದ ಆರೋಪ ನಿಮ್ಮ ತಲೆಗೇ ಬಂದೀತು. ಸುಣ್ಣದ ಕಡ್ಡಿ ಸವರಿ ಒರೆಸಿದರೆ ಸವೆದ ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಅಂಕಿಯ ಸುತ್ತ ಮಾತ್ರ ಲೋಹ ತಗ್ಗಾಗಿದೆಯೇ? ಅಲ್ಲಷ್ಟೇ ಕಪ್ಪು ಬಣ್ಣ ಹೊಸದೇ? ಒಂದು ಅಂಕಿ ಆಳ, ಇನ್ನೊಂದು ತೇಲು, ಸಾಲು ಸೊಟ್ಟವೇ? ಬಳಕೆಯಿಂದ ಸವೆದದ್ದಾದರೆ ಸುತ್ತಲಿನ ಕೆತ್ತನೆಯೂ ಅಷ್ಟೇ ಸವೆದಿರುತ್ತದೆ. ಅಂಕಿ ಮಾತ್ರ ಮಾಯವಾಗಿ ಪಕ್ಕದ ಹೂಬಳ್ಳಿ ನಿಚ್ಚಳವಾಗಿದ್ದರೆ ಕೈಬಿಡಿ. ನಂಬರಿಲ್ಲದ ಬಂದೂಕನ್ನು ಮಾರುವುದನ್ನೇ ಸೆಕ್ಷನ್ 8 ನಿಷೇಧಿಸಿದೆ. ಅಳಿಸಿದ ಕೋವಿ ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರೆಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವರದ್ದೇ.

ಮೂರು ಕಡೆಯ ನಂಬರುಗಳಲ್ಲಿ ಫೋರ್‌ಎಂಡಿನದ್ದಷ್ಟೇ ಬೇರೆಯಾದರೆ ದುರಸ್ತಿಯಲ್ಲಿ ಬದಲಾಗಿರಬಹುದು. ನಳಿಗೆ ಮತ್ತು ಆ್ಯಕ್ಷನ್ ಹೊಂದದಿದ್ದರೆ ಎರಡು ಕೋವಿ ಸೇರಿ ಒಂದಾಗಿವೆ ಎಂದರ್ಥ. ಎರಡರದ್ದೂ ಹಿನ್ನೆಲೆ ಸಿಗದೆ ಕೊಳ್ಳಬೇಡಿ.

ಪ್ರಶ್ನೆ: ಕೊಡಗಿನಲ್ಲಿ ಪರವಾನಗಿಯೇ ಬೇಡವಲ್ಲ, ಅಲ್ಲಿಂದ ಕೊಂಡರೆ ತಲೆನೋವಿಲ್ಲವೇ? (ಹುಣಸೂರಿನಿಂದ)

ಉತ್ತರ: ಕೊಡವ ಜನಾಂಗದವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಸದ್ಯ 2029ರ ಅಕ್ಟೋಬರ್‌ವರೆಗಿದೆ. ಅದು ಅವರಿಗೆ ಸಂದ ವಿನಾಯಿತಿ, ಕೋವಿಗೆ ಅಂಟಿಕೊಂಡು ಹುಣಸೂರಿಗೆ ಬರುವುದಿಲ್ಲ. ನಿಮಗೆ ಪರವಾನಗಿ ಬೇಕೇ ಬೇಕು. ಅವರ ವಿನಾಯಿತಿ ಪತ್ರದಲ್ಲಿ ಆ ಕೋವಿಯ ನಂಬರು ನಮೂದಾಗಿದೆಯೇ ನೋಡಿ, ಮೇಲೆ ಹೇಳಿದ ಅರ್ಜಿಯ ದಾರಿಯಲ್ಲೇ ಹೋಗಿ.

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಅಂಗಡಿಯಲ್ಲಿ ನಡೆಯುವ ಹಿನ್ನೆಲೆ ತಪಾಸಣೆಯಲ್ಲಿ ಬಂದೂಕು ಕದ್ದದ್ದೇ ಎಂಬುದೂ ಗೊತ್ತಾಗುತ್ತದೆಯೇ?

ಉತ್ತರ: ಇಲ್ಲ. ಆ ತಪಾಸಣೆ ಕೊಳ್ಳುವ ನಿಮ್ಮ ಬಗ್ಗೆ, ಬಂದೂಕಿನ ಬಗ್ಗೆ ಅಲ್ಲ. ಕಳವಾದ ಬಂದೂಕುಗಳ ಪಟ್ಟಿ ಇರುವುದು ಎಫ್‌ಬಿಐನ ಎನ್‌ಸಿಐಸಿ ಕಡತದಲ್ಲಿ, ಅದು ಸಾರ್ವಜನಿಕರಿಗೆ ತೆರೆದಿಲ್ಲ. ತಯಾರಕರು, ಮಾದರಿ, ಕ್ಯಾಲಿಬರ್, ಸರಣಿ ಸಂಖ್ಯೆ ಬರೆದುಕೊಂಡು ಸ್ಥಳೀಯ ಪೊಲೀಸರ ತುರ್ತಲ್ಲದ ಸಂಖ್ಯೆಗೆ ಕರೆಮಾಡಿ ಕೇಳಿ. ಕೆಲವು ಇಲಾಖೆ ನೋಡಿ ಹೇಳುತ್ತವೆ, ಕೆಲವು ಹೇಳುವುದಿಲ್ಲ. ಫ್ಲಾರಿಡಾ ರಾಜ್ಯದ ಪೊಲೀಸ್ ಇಲಾಖೆ ತನ್ನಲ್ಲಿ ದಾಖಲಾದ ಕಳವನ್ನು ಅಂತರ್ಜಾಲದಲ್ಲಿ ಹುಡುಕಲು ಬಿಡುತ್ತದೆ, ಆದರೆ ಅದರಲ್ಲಿ ಕಾಣದಿದ್ದರೆ ಶುದ್ಧ ಎಂದಲ್ಲ. 1968ಕ್ಕೂ ಹಿಂದಿನ ಕೆಲವು ರೈಫಲ್, ಶಾಟ್‌ಗನ್‌ಗಳಿಗೆ ಸರಣಿ ಸಂಖ್ಯೆಯೇ ಇಲ್ಲ; ಅಲ್ಲಿ ಅದು ತಾನಾಗಿ ದೋಷವಲ್ಲ. ಎಚ್-1ಬಿ ವೀಸಾದಲ್ಲಿರುವ ಗೆಳೆಯರಿಗೆ ಈ ಸಲಹೆ ದಾಟಿಸಬೇಡಿ, ಬೇಟೆ ಪರವಾನಗಿಯಂಥ ಕೆಲವೇ ಅಪವಾದ ಬಿಟ್ಟರೆ ಅವರು ಬಂದೂಕು ಇಟ್ಟುಕೊಳ್ಳುವಂತಿಲ್ಲ.

ಪ್ರಶ್ನೆ: ಎಲ್ಲ ನೋಡಿ ಕೊಂಡ ಮೇಲೆ ಕದ್ದದ್ದೆಂದು ತಿಳಿದರೆ? (ಸಾಗರದಿಂದ)

ಉತ್ತರ: ಮಾರಿದವರಿಗೆ ಮರಳಿಸಲು ಹೋಗಬೇಡಿ, ಅದೂ ಒಂದು ವರ್ಗಾವಣೆಯೇ. ಠಾಣೆಗೆ ಲಿಖಿತವಾಗಿ ತಿಳಿಸಿ ಕೋವಿ ಒಪ್ಪಿಸಿ, ನಂಬರು ನಮೂದಾದ ರಸೀದಿ ಪಡೆಯಿರಿ. ಕದ್ದವರಿಂದ ಕೊಂಡವರಿಗೆ ಒಡೆತನ ದಕ್ಕುವುದಿಲ್ಲ, ಹಣವನ್ನು ಮಾರಿದವರಿಂದಲೇ ವಸೂಲು ಮಾಡಬೇಕು. ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಕದ್ದ ಮಾಲೆಂದು ಗೊತ್ತಿದ್ದೋ, ಹಾಗೆ ನಂಬಲು ಕಾರಣವಿದ್ದೋ ಪಡೆದವರಿಗೆ 3 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಸ್ವೀಕೃತಿ ಮುದ್ರೆಯ ಅರ್ಜಿ, ಠಾಣೆಯ ಉತ್ತರ, ಕರಾರು, ಬ್ಯಾಂಕ್ ದಾಖಲೆ ಇವನ್ನು ವಕೀಲರ ಕೈಗೆ ಕೊಡಿ. ನಿಮಗೆ ಹಾಗೆ ನಂಬಲು ಕಾರಣವಿರಲಿಲ್ಲ ಎಂದು ತೋರಿಸುವುದು ಇವೇ.