ಓಪನಿಂಗ್ ಬದಲಿಸುವ ಮೊದಲು ನಿಮ್ಮ 19ನೇ ನಡೆಯನ್ನು ನೋಡಿ

ಹಾಸನದಲ್ಲಿ ಚೆಸ್ ಕಲಿಸಲು ತೊಡಗಿ ಇಪ್ಪತ್ತು ವರ್ಷ ದಾಟಿತು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಕೇಳುತ್ತವೆ: ಯಾವ ಓಪನಿಂಗ್ (ಆಟ ಆರಂಭಿಸುವ ನಡೆಗಳ ಕ್ರಮ) ಕಲಿತರೆ ಗೆಲ್ಲಬಹುದು? ಹಿಂದೆ ಎರಡು ಸಲ ಚುಟುಕಾಗಿ ಉತ್ತರಿಸಿದ್ದೆ; ಅದರಿಂದ ಪ್ರಯೋಜನವಾದಂತೆ ಕಾಣುವುದಿಲ್ಲ. ಈ ಸಲ ಪತ್ರದ ಜೊತೆಗೆ ಸೋತ ಆಟದ ಸ್ಕೋರ್‌ಶೀಟ್ ಕೂಡ ಬಂದಿರುವುದರಿಂದ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತೇನೆ. ಕಾಯಿಗಳ ಚಲನೆ, ಕ್ಯಾಸ್ಲಿಂಗ್, ಮನೆಗಳ ಹೆಸರು ಓದುಗರಿಗೆ ಗೊತ್ತಿದೆ ಎಂದೇ ಭಾವಿಸಿದ್ದೇನೆ.

ಪ್ರಶ್ನೆ: ಮೂಡಿಗೆರೆ ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ, ವಯಸ್ಸು 34. ಮೂರು ವರ್ಷದಿಂದ ಮೊಬೈಲ್‌ನಲ್ಲಿ ಆಡುತ್ತಿದ್ದೇನೆ. ಇಟಾಲಿಯನ್, ಲಂಡನ್, ಸಿಸಿಲಿಯನ್ ನೈಡಾರ್ಫ್ ಈ ಮೂರು ಓಪನಿಂಗ್‌ಗಳಿಗೂ ದುಡ್ಡು ಕೊಟ್ಟು ಕೋರ್ಸ್ ತೆಗೆದುಕೊಂಡು ಹದಿನೈದು ನಡೆಯವರೆಗೆ ಬಾಯಿಪಾಠ ಮಾಡಿದ್ದೇನೆ. ಆದರೂ ಹಾಸನದ ಟೂರ್ನಿಯಲ್ಲಿ ಏಳು ಸುತ್ತಿಗೆ ಎರಡೇ ಅಂಕ ಬಂತು. ಎದುರಾಳಿಗಳು ಮೂರನೇ ನಡೆಗೇ ಕೋರ್ಸ್‌ನಲ್ಲಿಲ್ಲದ್ದನ್ನು ಆಡುತ್ತಾರೆ. ಅವರು ದಾರಿ ತಪ್ಪಿಸಲಾಗದಂಥ ಓಪನಿಂಗ್ ಯಾವುದು? ಕಾಫಿ ಕುಯ್ಲಿನ ದಿನಗಳಲ್ಲಿ ರಾತ್ರಿ ಅರ್ಧ ಗಂಟೆಗಿಂತ ಹೆಚ್ಚು ಸಮಯ ಸಿಗುವುದಿಲ್ಲ.

ಉತ್ತರ: ಅಂಥ ಓಪನಿಂಗ್ ಇಲ್ಲ, ಇರಲು ಸಾಧ್ಯವೂ ಇಲ್ಲ. ಆಟದ ಆರಂಭದಲ್ಲಿ ಬಿಳಿಯ ಕಾಯಿಗೆ ಇಪ್ಪತ್ತು ನಡೆಗಳಿವೆ, ಕಪ್ಪಿಗೂ ಇಪ್ಪತ್ತು. ತಲಾ ಒಂದು ನಡೆ ಮುಗಿಯುವಷ್ಟರಲ್ಲಿ 400 ಸ್ಥಿತಿಗಳಾಗುತ್ತವೆ. ತಲಾ ಎರಡು ನಡೆಗಳನ್ನು ಆಡಬಹುದಾದ ಬಗೆಗಳು 1,97,281. ಕೋರ್ಸ್ ಮಾಡಿದವರು ಇದರಲ್ಲಿ ಒಳ್ಳೆಯ ಆಟಗಾರರು ಆಡುವ ಕೆಲವೇ ದಾರಿಗಳನ್ನು ಆರಿಸಿ ಕೊಟ್ಟಿರುತ್ತಾರೆ. ನಿಮ್ಮ ಎದುರು ಕೂರುವವರು ನಿಮ್ಮಷ್ಟೇ ಅಥವಾ ನಿಮಗಿಂತ ಸ್ವಲ್ಪ ಹೆಚ್ಚು ಬಲ್ಲವರು. ಅವರು ಆ ಕೋರ್ಸನ್ನು ಓದಿಲ್ಲವಾದ್ದರಿಂದ ಅದರಲ್ಲಿದ್ದಂತೆ ಆಡುವುದಿಲ್ಲ. ಇದು ಅವರ ತಪ್ಪಲ್ಲ.

ಈಗ ನೀವು ಕಳಿಸಿದ ಹಾಳೆಯನ್ನು ನೋಡೋಣ. ನಿಮ್ಮದು ಬಿಳಿ ಕಾಯಿ. ನೀವು ಪದಾತಿಯನ್ನು ಇ4ಕ್ಕೆ ನಡೆಸಿದಿರಿ, ಅವರು ಇ5ಕ್ಕೆ. ನಿಮ್ಮ ಕುದುರೆ ಎಫ್3ಕ್ಕೆ ಬಂತು, ಅವರದು ಸಿ6ಕ್ಕೆ. ನಿಮ್ಮ ಒಂಟೆ ಸಿ4ಕ್ಕೆ ಬಂತು. ಇಲ್ಲಿಯವರೆಗೆ ಶುದ್ಧ ಇಟಾಲಿಯನ್. ಮೂರನೇ ನಡೆಯಲ್ಲಿ ಅವರು ಅಂಚಿನ ಪದಾತಿಯನ್ನು ಎಚ್6ಕ್ಕೆ ನೂಕಿದರು. ನಿಮ್ಮ ಕುದುರೆ ಜಿ5ಕ್ಕೆ ಬಂದು ಎಫ್7ರ ಮೇಲೆ ಬೀಳಬಹುದೆಂಬ ಭಯ ಅದರ ಹಿಂದಿದೆ. ಭಯ ಸಹಜವೇ, ಏಕೆಂದರೆ ಎಫ್7ರ ಪದಾತಿಗೆ ಆರಂಭದಲ್ಲಿ ರಾಜನೊಬ್ಬನೇ ಕಾವಲು. ಆದರೆ ಆ ಒಂದು ನಡೆಯಲ್ಲಿ ಅವರು ಯಾವ ಕಾಯಿಯನ್ನೂ ಹೊರಗೆ ತರಲಿಲ್ಲ. ನಿಮ್ಮ ಎರಡು ಕಾಯಿಗಳು ಹೊರಬಂದಿವೆ, ಅವರದು ಒಂದೇ, ಮೇಲಾಗಿ ಆಡುವ ಸರದಿಯೂ ನಿಮ್ಮದೇ. ಮುಂದಿದ್ದವನು ನಡುವನ್ನು ತೆರೆಯಬೇಕು. ಆದ್ದರಿಂದ ಪದಾತಿಯನ್ನು ಡಿ4ಕ್ಕೆ ನೂಕುವುದೇ ಸರಿಯಾದ ಉತ್ತರ. ಅವರು ಹೊಡೆದರೆ ಕುದುರೆಯಿಂದ ಮರುಹೊಡೆತ ಕೊಟ್ಟು ನಡುಮನೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತೀರಿ. ಇದನ್ನು ಕಂಡುಕೊಳ್ಳಲು ಕೋರ್ಸ್ ಬೇಡ, ಎರಡೂ ಕಡೆ ಎದ್ದ ಕಾಯಿಗಳನ್ನು ಎಣಿಸಿದರೆ ಸಾಕು.

ನೀವು ಪದಾತಿಯನ್ನು ಎಚ್3ಕ್ಕೆ ಆಡಿದಿರಿ. ಅವರು ಕೊಟ್ಟ ಒಂದು ನಡೆಯನ್ನು ಹಾಗೆಯೇ ಅವರಿಗೆ ಹಿಂದಿರುಗಿಸಿದಿರಿ. ಸಮಯವನ್ನೂ ಪಕ್ಕದಲ್ಲಿ ಗುರುತಿಸಿಕೊಂಡಿರುವುದು ಒಳ್ಳೆಯ ಅಭ್ಯಾಸ. ಅದರ ಪ್ರಕಾರ ಈ ನಡೆಗೆ ನೀವು ಹನ್ನೊಂದು ನಿಮಿಷ ಕಳೆದಿದ್ದೀರಿ. ಆ ಹನ್ನೊಂದು ನಿಮಿಷವೂ ನೀವು ನೆನಪಿನಲ್ಲಿ ಹುಡುಕುತ್ತಿದ್ದಿರಿ, ಹಲಗೆಯನ್ನು ನೋಡುತ್ತಿರಲಿಲ್ಲ ಎಂಬುದು ನನ್ನ ಊಹೆ. ಬಾಯಿಪಾಠದ ನಿಜವಾದ ಕೇಡು ಇದು.

ಆದರೂ ಆ ಆಟವನ್ನು ನೀವು ಸೋತದ್ದು ಅಲ್ಲಿ ಅಲ್ಲ. ಹದಿನೆಂಟನೇ ನಡೆಯವರೆಗೆ ಆಟ ಸಮವಾಗಿಯೇ ಇತ್ತು. ಸಿ4ರ ಒಂಟೆಗೆ ಡಿ3ರ ಪದಾತಿಯೊಂದೇ ಕಾವಲಿತ್ತು, ಎದುರಾಳಿಯ ಆನೆ ತೆರೆದ ಸಿ ಸಾಲಿನಲ್ಲಿ ಸಿ8ರಿಂದ ಒಂಟೆಯನ್ನೇ ನೋಡುತ್ತ ನಿಂತಿತ್ತು. ಹತ್ತೊಂಬತ್ತನೇ ನಡೆಯಲ್ಲಿ ನೀವು ಅದೇ ಪದಾತಿಯನ್ನು ಡಿ4ಕ್ಕೆ ನೂಕಿದಿರಿ. ಆನೆ ಬಂದು ಒಂಟೆಯನ್ನು ಹೊಡೆಯಿತು, ಮರುಹೊಡೆತ ಕೊಡಲು ಯಾರೂ ಇರಲಿಲ್ಲ. ಈ ನಡೆಗೆ ನೀವು ತೆಗೆದುಕೊಂಡ ಸಮಯ ಇಪ್ಪತ್ತು ಸೆಕೆಂಡು. ನಾಲ್ಕನೇ ನಡೆಗೆ ಹನ್ನೊಂದು ನಿಮಿಷ, ಹತ್ತೊಂಬತ್ತನೆಯದಕ್ಕೆ ಇಪ್ಪತ್ತು ಸೆಕೆಂಡು: ನಿಮ್ಮ ಎರಡು ಅಂಕಗಳ ಕಾರಣ ಇಲ್ಲಿದೆ. ಹೀಗಿದ್ದೂ ಪತ್ರದಲ್ಲಿ ‘ಓಪನಿಂಗ್ ಕೈಕೊಟ್ಟಿತು’ ಎಂದು ಬರೆದಿದ್ದೀರಿ. ದಯವಿಟ್ಟು ಆ ಮಾತನ್ನು ಹಿಂತೆಗೆದುಕೊಳ್ಳಿ, ಏಕೆಂದರೆ ಅದನ್ನು ನಂಬಿದಷ್ಟು ದಿನ ನೀವು ನಾಲ್ಕನೆಯ ಕೋರ್ಸನ್ನು ಹುಡುಕುತ್ತಲೇ ಇರುತ್ತೀರಿ.

ಕಾಯಿಯನ್ನು ಎತ್ತುವ ಮುನ್ನ ಪ್ರತಿ ಸಲವೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಎದ್ದರೆ ಯಾವ ಕಾಯಿಯ ಕಾವಲು ತಪ್ಪುತ್ತದೆ? ಎದುರಾಳಿ ಕೊಡಬಹುದಾದ ಚೆಕ್‌ಗಳು, ಹೊಡೆಯಬಹುದಾದ ಕಾಯಿಗಳು ಯಾವುವು? ನಡೆಯನ್ನು ಮೊದಲು ಹಾಳೆಯಲ್ಲಿ ಬರೆದು, ಇನ್ನೊಮ್ಮೆ ನೋಡಿ ಆಮೇಲೆ ಆಡಿ ಎಂದು ಹಿಂದಿನವರು ಹೇಳಿಕೊಡುತ್ತಿದ್ದರು. ಈಗ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಂತೆ ಮುಂಚಿತವಾಗಿ ಬರೆಯುವಂತಿಲ್ಲ. ಹಾಗಾಗಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು.

ಓಪನಿಂಗ್ ಬೇಡವೇ ಬೇಡ ಎನ್ನುವವನು ನಾನಲ್ಲ. ಬಿಳಿಗೆ ಇಟಾಲಿಯನ್ ಒಂದನ್ನೇ ಇಟ್ಟುಕೊಳ್ಳಿ; ಕಪ್ಪಿನಲ್ಲಿ ಇ4ಕ್ಕೆ ಇ5, ಡಿ4ಕ್ಕೆ ಡಿ5 ಆಡಿ. ನೈಡಾರ್ಫನ್ನು ಬಿಟ್ಟುಬಿಡಿ, ಅಲ್ಲಿ ಒಂದು ನಡೆ ಮರೆತರೂ ರಾಜ ಉಳಿಯುವುದಿಲ್ಲ. ಲಂಡನ್ ಕೆಟ್ಟದ್ದಲ್ಲ, ಆದರೆ ಎದುರಾಳಿ ಏನೇ ಆಡಿದರೂ ಅವೇ ನಡೆಗಳನ್ನು ಆಡಿ ಮುಗಿಸುವ ಸೋಮಾರಿತನವನ್ನು ಅದು ಕಲಿಸುತ್ತದೆ ಎಂಬ ಅಳುಕು ನನಗಿದೆ. ಇಟಾಲಿಯನ್‌ನಲ್ಲಿ ಆರೇಳು ನಡೆ ಸಾಕು, ಪ್ರತಿ ನಡೆಯ ಕಾರಣ ಮಾತ್ರ ಗೊತ್ತಿರಬೇಕು: ಸಿ3 ಏಕೆ ಎಂದರೆ ಮುಂದೆ ಡಿ4ಕ್ಕೆ ನೂಕಿದ ಪದಾತಿಗೆ ಬೆಂಬಲ ಬೇಕು, ಕ್ಯಾಸ್ಲಿಂಗ್ ಬೇಗ ಏಕೆ ಎಂದರೆ ನಡುವು ತೆರೆದಾಗ ರಾಜ ಅಲ್ಲಿ ಇರಬಾರದು. ಬಾಯಿಪಾಠವೇ ಬೇಕಾದ ಜಾಗಗಳೂ ಕೆಲವು ಇವೆ. ಕಪ್ಪಿನಲ್ಲಿ ಆಡುವಾಗ ಮೂರನೇ ನಡೆಗೆ ಕುದುರೆಯನ್ನು ಎಫ್6ಕ್ಕೆ ತಂದು, ಬಿಳಿ ಕುದುರೆ ಜಿ5ಕ್ಕೆ ನುಗ್ಗಿದರೆ ಡಿ5 ಆಡಬೇಕು. ಅವರು ಆ ಪದಾತಿಯನ್ನು ಹೊಡೆದಾಗ ನಿಮ್ಮ ಕುದುರೆಯಿಂದ ತಿರುಗಿ ಹೊಡೆಯಬೇಡಿ, ಸಿ6ರ ಕುದುರೆಯನ್ನು ಎ5ಕ್ಕೆ ತಂದು ಒಂಟೆಯನ್ನು ಕೆಣಕಿ. ತಿರುಗಿ ಹೊಡೆದರೆ ಬಿಳಿ ಕುದುರೆ ಎಫ್7ರ ಮೇಲೆ ಬಲಿಯಾಗಿ ನಿಮ್ಮ ರಾಜನನ್ನು ನಡುಬೀದಿಗೆ ಎಳೆಯುತ್ತದೆ. ಅದನ್ನು ಆಟದ ಮಧ್ಯೆ ಕುಳಿತು ಲೆಕ್ಕ ಹಾಕುವುದು ಹವ್ಯಾಸಿಯ ಕೈಲಾಗದ ಕೆಲಸ.

ನಿಮ್ಮ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಸರಳವಾದ ಟ್ಯಾಕ್ಟಿಕ್ಸ್ (ಕೆಲವೇ ನಡೆಗಳಲ್ಲಿ ಕಾಯಿ ಗೆಲ್ಲುವ, ಮೇಟ್ ಮಾಡುವ) ಲೆಕ್ಕಗಳನ್ನು ಮಾಡಿ. ಹೊಸದನ್ನು ಬೆನ್ನಟ್ಟದೆ, ಮಾಡಿದ ನೂರು ಲೆಕ್ಕಗಳನ್ನೇ ನೋಡಿದ ಕೂಡಲೇ ಉತ್ತರ ಹೊಳೆಯುವವರೆಗೆ ತಿರುತಿರುಗಿ ಮಾಡಬೇಕು. ಉಳಿದ ಹತ್ತು ನಿಮಿಷ ಕೊನೆಯ ಆಟಕ್ಕೆ, ಅಂದರೆ ಎಂಡ್‌ಗೇಮ್‌ಗೆ. ಮಣೆಯ ಮೇಲೆ ಬಿಳಿ ರಾಜನನ್ನು ಇ6ರಲ್ಲಿ, ಪದಾತಿಯನ್ನು ಇ5ರಲ್ಲಿ, ಕಪ್ಪು ರಾಜನನ್ನು ಇ8ರಲ್ಲಿ ಇಡಿ. ಸರದಿ ಯಾರದಾದರೂ ಬಿಳಿ ಗೆಲ್ಲುತ್ತದೆ. ಏಕೆ ಎಂದು ಕಾಯಿ ಸರಿಸಿ ಕಂಡುಕೊಳ್ಳಿ. ಆಮೇಲೆ ಎಲ್ಲವನ್ನೂ ಅಂಚಿನ ಎಚ್ ಸಾಲಿಗೆ ಸರಿಸಿ, ಅಲ್ಲಿ ಏಕೆ ಗೆಲುವಿಲ್ಲ ಎಂದು ನೋಡಿ. ಇಷ್ಟು ಗೊತ್ತಾದರೆ ಯಾವಾಗ ಕಾಯಿ ವಿನಿಮಯಕ್ಕೆ ಒಪ್ಪಬೇಕು, ಯಾವಾಗ ಒಪ್ಪಬಾರದು ಎಂಬುದು ತಿಳಿಯತೊಡಗುತ್ತದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟ ನಿರ್ಧಾರವಾದದ್ದೂ ಇಂಥದೇ ವಿನಿಮಯದಲ್ಲಿ. ಹದಿನಾಲ್ಕನೇ ಆಟದಲ್ಲಿ ಗುಕೇಶ್ ಅವರಿಗೆ ಒಂದು ಪದಾತಿ ಹೆಚ್ಚಿತ್ತು, ಆದರೂ ಡ್ರಾ ಆಗುವ ಸ್ಥಿತಿಯಿತ್ತು. 55ನೇ ನಡೆಯಲ್ಲಿ ಎದುರಾಳಿ, ಆಗಿನ ಚಾಂಪಿಯನ್ ಡಿಂಗ್ ಲಿರೆನ್ ತಮ್ಮ ಆನೆಯನ್ನು ಎಫ್2ಕ್ಕೆ ಇಟ್ಟರು. ಆನೆಗಳು ವಿನಿಮಯವಾದವು, ಮೂಲೆಯಲ್ಲಿದ್ದ ಡಿಂಗ್ ಅವರ ಒಂಟೆಯೂ ವಿನಿಮಯ ತಪ್ಪಿಸಿಕೊಳ್ಳಲಾಗದೆ ಹೋಯಿತು, ಬರಿಯ ರಾಜ ಮತ್ತು ಪದಾತಿಗಳ ಆಟದಲ್ಲಿ ಡಿಂಗ್ ಅವರಿಗೆ ಉಳಿಯುವ ದಾರಿ ಇರಲಿಲ್ಲ.

ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅವರನ್ನೂ ನೆನೆಯಬೇಕು. ಪದಾತಿಗೆ ಮೊದಲ ಸಲ ಎರಡು ಮನೆ ಹಾರುವ ಅವಕಾಶವೇ ಇಲ್ಲದ ಭಾರತೀಯ ಪದ್ಧತಿಯಲ್ಲಿ ಆಟ ಕಲಿತ ಅವರಿಗೆ ಯುರೋಪಿನ ಓಪನಿಂಗ್ ಜ್ಞಾನ ಬಹಳ ಕಡಿಮೆಯಿತ್ತು. ಆದರೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಸೋಲಿಸಿದರು. ಓಪನಿಂಗ್‌ನಲ್ಲಿ ಹಿಂದೆ ಬಿದ್ದರೂ ನಡು ಆಟದಲ್ಲಿ, ಕೊನೆಯ ಆಟದಲ್ಲಿ ಎದ್ದು ನಿಲ್ಲುವ ಶಕ್ತಿ ಅವರಿಗಿತ್ತು.

ಕೊನೆಯದಾಗಿ, ವಾರಕ್ಕೊಂದು ಆಟವನ್ನಾದರೂ ಮೊಬೈಲ್ ಬಿಟ್ಟು ಮಣೆಯ ಮೇಲೆ ನಿಧಾನವಾಗಿ ಆಡಿ, ಬರೆದುಕೊಳ್ಳಿ. ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ತಂತ್ರಾಂಶ) ತೆರೆಯುವ ಮೊದಲು ಎಲ್ಲಿ ತಪ್ಪಿದೆ ಎಂದು ನೀವೇ ಗುರುತು ಹಾಕಿ, ಆಮೇಲೆ ಅದನ್ನು ಕೇಳಿ. ಮುಂದಿನ ಹತ್ತು ಸ್ಕೋರ್‌ಶೀಟ್‌ಗಳನ್ನು ನಿಮ್ಮ ಗುರುತುಗಳ ಸಮೇತ ಕಳಿಸಿದರೆ ಖಂಡಿತ ನೋಡುತ್ತೇನೆ.

ಪ್ರಶ್ನೆ: ಎರಡು ವರ್ಷದಲ್ಲಿ ಗ್ರ್ಯಾಂಡ್‌ಮಾಸ್ಟರ್ ಮಾಡುತ್ತೇವೆಂದು ಒಂದು ತರಬೇತಿ ಕೇಂದ್ರದವರು ಪೂರ್ತಿ ಹಣ ಮುಂಗಡ ಕೇಳುತ್ತಿದ್ದಾರೆ. ಮಗನಿಗೆ ಎಂಟು ವರ್ಷ. ಸೇರಿಸಬಹುದೇ? (ಅರಸೀಕೆರೆಯಿಂದ ಒಬ್ಬ ತಾಯಿ)

ಉತ್ತರ: ಸೇರಿಸಬೇಡಿ. ಗ್ರ್ಯಾಂಡ್‌ಮಾಸ್ಟರ್ ಆಗಲು ಆಟದ ಬಲ ಅಳೆಯುವ ಫಿಡೆ ರೇಟಿಂಗ್‌ನಲ್ಲಿ 2500 ಮುಟ್ಟಬೇಕು, ಜೊತೆಗೆ ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಆ ಮಟ್ಟದ ಸಾಧನೆಗೆ ಸಿಗುವ ನಾರ್ಮ್‌ಗಳನ್ನು ಗಳಿಸಬೇಕು. ಅದಕ್ಕೆ ಗ್ಯಾರಂಟಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್ ಅವರ ಮೂಲಕ, ಅದೂ ಬಹಳ ವರ್ಷಗಳ ಆಟದ ನಂತರ. ಇಂಥದೇ ಭರವಸೆಗೆ ಸಾಲ ಮಾಡಿ ಹಣ ಕಟ್ಟಿದ ತಂದೆಯೊಬ್ಬರು ನನಗೆ ಗೊತ್ತು. ಪ್ರತಿ ಸೋಲಿಗೂ ಮನೆಯಲ್ಲಿ ದುಡ್ಡಿನ ಮಾತು ಕೇಳಿ ಕೇಳಿ ಆ ಹುಡುಗ ಹನ್ನೊಂದನೇ ವಯಸ್ಸಿಗೆ ಕಾಯಿ ಮುಟ್ಟುವುದನ್ನೇ ಬಿಟ್ಟ. ತಿಂಗಳು ತಿಂಗಳು ಶುಲ್ಕ ಪಡೆಯುವ, ಮಗುವಿನ ಆಟಗಳನ್ನು ಪಕ್ಕ ಕುಳಿತು ನೋಡುವ ಶಿಕ್ಷಕರನ್ನು ಹುಡುಕಿ.

ಪ್ರಶ್ನೆ: ಚೆಸ್ ಕಲಿತರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆಯೇ? ಬುದ್ಧಿ ಚುರುಕಾಗಲು ಮಾತ್ರೆಗಳನ್ನೂ ಕೊಡಬಹುದೇ? (ಕಡೂರು)

ಉತ್ತರ: ಇಂಗ್ಲೆಂಡಿನ ಶಾಲೆಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ ಚೆಸ್ ಕಲಿತ ಮಕ್ಕಳ ಗಣಿತದ ಅಂಕಗಳು ಕಲಿಯದವರಿಗಿಂತ ಹೆಚ್ಚಿರಲಿಲ್ಲ. ಮಗುವಿಗೆ ಆಟ ಇಷ್ಟವಿದ್ದರೆ ಕಲಿಸಿ. ಮಾತ್ರೆ ಮಾರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಪ್ರಶ್ನೆ: ನಾಲ್ಕೇ ನಡೆಗಳಲ್ಲಿ ಚೆಕ್‌ಮೇಟ್ ಮಾಡುವುದನ್ನು ಹೇಳಿಕೊಡಿ. (ಬೇಲೂರು)

ಉತ್ತರ: ಹೇಳಿಕೊಡುವುದಿಲ್ಲ. ಅದನ್ನು ತಡೆಯಬಲ್ಲವರ ಎದುರು ನಿಮ್ಮ ರಾಣಿ ಓಡಾಡಿ ದಣಿಯುತ್ತದೆ, ಅವರ ಕಾಯಿಗಳೆಲ್ಲ ಹೊರಗೆ ಬರುತ್ತವೆ.

ಪ್ರಶ್ನೆ: 2024ರಲ್ಲಿ ಒಂದೂ ಆಟ ಆಡದೆ ನನ್ನ ಫಿಡೆ ರೇಟಿಂಗ್ 1500ರಿಂದ 1700ಕ್ಕೆ ಏರಿದೆ. ತಪ್ಪಾಗಿದೆಯೇ? (ಚಿಕ್ಕಮಗಳೂರು)

ಉತ್ತರ: ತಪ್ಪಾಗಿಲ್ಲ. ಆ ವರ್ಷದ ಮಾರ್ಚ್ 1ರಿಂದ ಕನಿಷ್ಠ ರೇಟಿಂಗ್ ಅನ್ನು 1400ಕ್ಕೆ ಏರಿಸಿ, 2000ಕ್ಕಿಂತ ಕೆಳಗಿದ್ದವರಿಗೆಲ್ಲ 2000ಕ್ಕೆ ಎಷ್ಟು ಕಡಿಮೆಯಿತ್ತೋ ಅದರ ಶೇಕಡಾ 40ರಷ್ಟನ್ನು ಸೇರಿಸಿದರು. ನಿಮಗೆ 500 ಕಡಿಮೆಯಿತ್ತು, 200 ಸೇರಿತು. ನಿಮ್ಮ ಜೊತೆಗಾರರಿಗೂ ಇದೇ ಲೆಕ್ಕ ಅನ್ವಯಿಸಿರುವುದರಿಂದ ನಿಮ್ಮ ಸ್ಥಾನ ಮೊದಲಿದ್ದಲ್ಲೇ ಇದೆ.